ಹೊರಸಿನ ಮೇಲಿನ ಕಕ್ಕಿಬೀಜ

ಕಕ್ಕಿಬೀಜವನ್ನು ಕುಕ್ಕರಿಗೆ ಹಾಕಿ ಮೂರು ಸೀಟಿ ಹೊಡೆಸಿದ ಪುಣ್ಯಾತ್ಗಿತ್ತಿ ನಮ್ಮ ಸೀಮೆಯಲ್ಲಿ ಯಾರಾದರೂ ಇದ್ದರೆ ಅದು ಸಂಗೊಳ್ಳಿಯ ಬಾಯವ್ವ ಒಬ್ಬಳೇ. ತಪ್ಪು ಪೂರಾ ಅವಳದೂ ಅಲ್ಲ. ಅವಳು ಕೆಲಸಕ್ಕಿದ್ದ, ಕಾಡುಮರಗಳ ಸಸಿ ಬೆಳೆಸುವ ನರ್ಸರಿಯ ಒಡತಿ ರಂಜನಾ, “ಬೀಜ ಬಿಸಿನೀರಿನಾಗ ಹಾಕ್ರಿ, ಸಿಪ್ಪಿ ಮೆತ್ತಗಾಗ್ತದ” ಎಂದಷ್ಟೇ ಹೇಳಿ ಬೆಳಗಾವಿ ಬಸ್ಸು ಹತ್ತಿದ್ದಳು. ಹುರುಳಿಗೇ ಎರಡು ಸೀಟಿ ಬೇಕು, ಈ ಕಲ್ಲಿನಂಥದಕ್ಕೆ ಮೂರಾದರೂ ಬೇಡವೇ ಎಂದುಕೊಂಡಳು ಬಾಯವ್ವ. ಬೀಜ ಉಬ್ಬಿದ್ದು ನೋಡಿ ಹಿಗ್ಗಿ ಬಿತ್ತಿಯೂ ಬಿಟ್ಟಳು. ತಿಂಗಳಾದರೂ ಒಂದೂ ಮೊಳೆಯಲಿಲ್ಲ. ಕೆದರಿ ನೋಡಿದರೆ ಕೊಳೆತು ನಾರುತ್ತಿದ್ದವು.

ಅವು ಸಿಕ್ಕಸಿಕ್ಕಲ್ಲಿ ಸಿಗುವ ಬೀಜವಲ್ಲ. ಕಿತ್ತೂರಿನ ಹತ್ತಿರ ಹೈವೇ ಅಗಲ ಮಾಡುವವರು ಹಳದಿ ಹೂಗೊಂಚಲಿನ ಕಕ್ಕಿಯ ಸಾಲುಮರ ಕಡಿಯುವ ಮುಂಚೆ ರಂಜನಾ ಕಾಯಿ ಆರಿಸಿ ತಂದು, ಒಡೆದು ಎರಡು ಚೀಲ ಬೀಜ ಮಾಡಿಟ್ಟಿದ್ದಳು. ಈಗ ಆ ಮರಗಳಿಲ್ಲ. ಒಂದು ಚೀಲ ಕುಕ್ಕರಿನ ಪಾಲಾಯಿತು.

ರಂಜನಾ ಬೈಯಲಿಲ್ಲ. ಉಳಿದ ಚೀಲವನ್ನು ತನ್ನ ಮೇಜಿನ ಕೆಳಗಿಟ್ಟುಕೊಂಡು, ಒಳಗೆ ನೀರು ಇಳಿಯಲೆಂದು ತಾನೇ ಬ್ಲೇಡು ಹಿಡಿದು ಒಂದೊಂದೇ ಬೀಜದ ಅಂಚು ಕೆತ್ತಲು ಕುಳಿತಳು. ಮೂರು ದಿನಕ್ಕೆ ಬೆರಳೆಲ್ಲ ಪಟ್ಟಿ. ಬೈದಿದ್ದರೆ ಬಾಯವ್ವನ ಎದೆ ಹಗುರಾಗುತ್ತಿತ್ತು. ಬೈಯದವರ ಮುಂದೆ ಮುಖ ಎತ್ತುವುದು ಹೇಗೆ? ಅವಳಿಗೆ ಉಂಡ ಅನ್ನ ಮೈಗೆ ಹತ್ತಲಿಲ್ಲ.

“ಅಕ್ಕಾರ, ಒಂದ ಮುಷ್ಟಿ ಬೀಜ ಕೊಡ್ರಿ. ಕುಕ್ಕರ ಮುಟ್ಟಂಗಿಲ್ಲ, ನಮ್ಮಪ್ಪನಾಣಿ.”

“ಏನ ಮಾಡ್ತೀರಿ ಬಾಯವ್ವಾ?”

“ಹತ್ತಿಕಾಳು ತಿಕ್ಕಿದಂಗ ತಿಕ್ಕತೇನ್ರಿ.”

ಪಾಕೀಟಿನ ಬೀಜ ಬರುವ ಮೊದಲು ಬೈಲಹೊಂಗಲದ ಕಡೆ ಹತ್ತಿಕಾಳಿಗೆ ಸಗಣಿ, ಮಣ್ಣು ಕಲಸಿ, ಹೊರಸು ಎನ್ನುವ ಹಗ್ಗದ ಮಂಚದ ಮೇಲೆ ತಿಕ್ಕಿ, ಮೈಗಂಟಿದ ನೂಲು ಅಡಗಿಸಿ ಬಿತ್ತುತ್ತಿದ್ದರು. ಎಷ್ಟು ಒತ್ತಬೇಕು, ಎಷ್ಟಕ್ಕೆ ಕಾಳು ಒಡೆಯುತ್ತದೆ ಎನ್ನುವುದು ಬಾಯವ್ವನ ಅಂಗೈಗೆ ಗೊತ್ತಿತ್ತು. ರಂಜನಾ ಚೀಲದ ಬಾಯಿ ಬಿಚ್ಚಿ ಒಂದೇ ಒಂದು ಮುಷ್ಟಿ ಕೊಟ್ಟಳು.

ಹೊರಸಿನ ಮೇಲೆ ಗೋಣಿತಟ್ಟು ಹಾಸಿ, ಹಳ್ಳದ ದಪ್ಪ ಉಸುಕು ಹಾಕಿ, ಬೀಜದ ಹೊಳಪು ಹೋಗುವ ತನಕ ಬಾಯವ್ವ ತಿಕ್ಕಿದಳು. ತೊಳೆದು ತಣ್ಣೀರಿನಲ್ಲಿ ನೆನೆಹಾಕಿದಳು. ಮರುದಿನ ಬೀಜ ಉಬ್ಬಿದ್ದವು. ರಂಜನಾಳ ಮುಖ ಅರಳಿತು, ಬಾಯವ್ವನದು ಕಪ್ಪಿಟ್ಟಿತು.

“ಬೆಂದಾವೂ ಹಿಂಗಽ ಉಬ್ಬಿದ್ದುವಲ್ರಿ ಅಕ್ಕಾರ.”

ಅವನ್ನು ಬಿತ್ತಿದ ಮೇಲೆ ಎಂಟು ದಿನ ಅವಳು ಸಸಿಮಡಿ ಬಿಟ್ಟು ಕದಲಲಿಲ್ಲ. ನೀರು ಹೆಚ್ಚಾಯಿತೇ, ಕಡಿಮೆಯಾಯಿತೇ ಎಂದು ಮಣ್ಣು ಮುಟ್ಟಿಮುಟ್ಟಿ ನೋಡಿದಳು. ಒಂಬತ್ತನೆಯ ದಿನ ಬೆಳಿಗ್ಗೆ ಮಣ್ಣು ಬಿರಿದಿತ್ತು. ಕತ್ತು ಬಗ್ಗಿಸಿಕೊಂಡು ಒಂದು ಮೊಳಕೆ, ಅದರ ಪಕ್ಕ ಇನ್ನೊಂದು, ಮುಂದೆ ಸಾಲಿಗೆ ಸಾಲೇ. ಹೋದ ಜೀವ ಬಂದಂತಾಗಿ ಬಾಯವ್ವ ಅಲ್ಲೇ ಕುಳಿತು, ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

ರಂಜನಾ ನೋಡಿದಳು. ಒಳಗೆ ಹೋಗಿ ಮೇಜಿನ ಕೆಳಗಿನ ಚೀಲ ಎಳೆದುಕೊಂಡು ಬಂದು ಹೊರಸಿಗೆ ಒರಗಿಸಿದಳು.

“ನೀವೂ ಕುಂದರ್ರಿ ಅಕ್ಕಾರ, ಕಣ್ಮುಂದಽ ತಿಕ್ಕತೇನಿ,” ಎಂದಳು ಬಾಯವ್ವ.

“ನಾ ಯಾಕ? ನನಗ ಮುರಗೋಡಕ್ಕ ಹೋಗೋದದ,” ಎಂದು ರಂಜನಾ ಚಪ್ಪಲಿ ಮೆಟ್ಟಿದಳು. “ಸಂಜಿಗೆ ಬರ್ತೇನಿ.”