ಉಬ್ಬರದ ಹೊತ್ತಿನ ನೀರು

ಬಾಟಲಿಯನ್ನು ನೀರಿಗೆ ಅದ್ದುವ ಮೊದಲು ಪುರಸಭೆಯ ಎಂಜಿನಿಯರ್ ಎಡಗೈಯನ್ನು ಹೊಟ್ಟೆಯ ಮೇಲಿಟ್ಟು, ದನಿಯನ್ನು ಎರಡು ಮೆಟ್ಟಿಲು ಕೆಳಗಿಳಿಸಿ, ಅಣಕದಲ್ಲಿ ತನ್ನೂರಿನ ಅಧ್ಯಕ್ಷರೇ ಆಗಿಬಿಟ್ಟ. "ಏನಪ್ಪಾ ಅಂದ್ರೆ... ನಮ್ಮ ನೀರು... ಏನಪ್ಪಾ ಅಂದ್ರೆ... ನೀರಿನ ಹಾಗೇ ಇರಬೇಕು!"

ದೋಣಿಯವನು ಹುಟ್ಟು ಬಿಟ್ಟು ನಕ್ಕ. "ಅವರೇ ಬಂದು ಕೂತ ಹಾಗಾಯ್ತು ಸಾರ್. ನೋಡಿ, ದೋಣಿ ಒಂದು ಕಡೆ ವಾಲ್ತಿದೆ."

ಬೆಳಗಿನ ಹತ್ತು ಗಂಟೆ. ಉಬ್ಬರ ತುಂಬಿ ನಿಂತಿತ್ತು. ಸಮುದ್ರ ಅಳಿವೆಯೊಳಗೆ ನುಗ್ಗಿ, ಮೂರು ಊರುಗಳ ಚರಂಡಿಯ ಬಾಯಿ ಮುಚ್ಚಿಸಿ, ಕೆಸರು ಬಯಲಿನ ಮೇಲೆ ಹಸಿರು ಗಾಜು ಹಾಸಿತ್ತು. ತುಂಬಿದ ಬಾಟಲಿಯನ್ನು ಎತ್ತಿ ಹಿಡಿದರೆ ಅದರ ಮೂಲಕ ಎದುರು ಕೂತ ದೋಣಿಯವನ ಅಂಗಿಯ ಗುಂಡಿ ಎಣಿಸಬಹುದಿತ್ತು.

ಆರು ಗಂಟೆ ಕಾದಿದ್ದರೆ ಇದೇ ಜಾಗದ ನೀರು ಬೇರೆ ಬಣ್ಣದ್ದು. ಅದು ಪುಸ್ತಕ ಹೇಳಿಕೊಡುವ ಮೊದಲೇ ಅಕ್ಕ ಹೇಳಿಕೊಟ್ಟಿದ್ದಳು. ಇಳಿತದಲ್ಲಿ ಮೊಣಕಾಲುದ್ದ ಕೆಸರಿಗಿಳಿದು ತಿನ್ನುವ ಚಿಪ್ಪುಮೀನು ಹೆಕ್ಕಿ ಮಾರುವವಳು ಅವಳು; ಇವನನ್ನು ಸಾಕಿ, ಕಾಲೇಜಿನ ಮೆಟ್ಟಿಲು ಹತ್ತಿಸಿದ್ದೂ ಅದೇ ಬುಟ್ಟಿಯಿಂದ.

"ಚಿಪ್ಪು ಒಡೆದ್ರೆ ವಾಸನೆ ಬರ್ತಿದೆ ಕಣೋ," ಎಂದಿದ್ದಳು ಹಿಂದಿನ ದಿನ. "ಇನ್ನೆರಡು ವರ್ಷ ಹೀಗೇ ಆದ್ರೆ ಬುಟ್ಟೀಲಿ ಬರೀ ಕೆಸರು ಮಾರ್ಬೇಕು. ನೀರು ತಗೊಳ್ಳೋಕೆ ಇಳಿತದಲ್ಲೇ ಬಾ. ಮೈತುಂಬ ಹೊದ್ದು ಮಲಗಿದವಳ ಹತ್ರ ಹೋಗಿ ಗಾಯ ಎಲ್ಲಿ ಅಂದ್ರೆ ಏನು ಕಾಣುತ್ತೆ?"

"ಬರ್ತೀನಿ ಅಕ್ಕ."

"ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ನಿಂಗೆ ಬಾಯಿ ಮಾತ್ರ ಆಯ್ತು," ಎಂದು ನಕ್ಕಿದ್ದಳು.

ಮೂರೂ ಊರಿನ ಕೊಳಚೆ ನೀರಿಗೆ ಸೇರಿ ಒಂದೇ ಶುದ್ಧೀಕರಣ ಘಟಕ ಎಂಬುದು ಯೋಜನೆ. "ಊರಿಗೆ ಬಂದದ್ದು ನೀರಿಗೆ ಬರದೇ ಇರುತ್ತಾ?" ಎಂದು ಮೇಲಿನ ಊರಿನ ಅಧ್ಯಕ್ಷರು ಮೊದಲ ಸಭೆಯಲ್ಲೇ ಗಾದೆ ಹಾರಿಸಿದ್ದರು. ಖರ್ಚು ಯಾರದೆಷ್ಟು ಎಂಬಲ್ಲಿ ಏಳು ಸಭೆಗಳು ಮುಳುಗಿದವು. ಎಂಟನೆಯದರಲ್ಲಿ ಇವನೇ ಎದ್ದು, "ಯಾರ ನೀರು ಎಷ್ಟು ಕೊಳಕೋ ಅವರ ಪಾಲು ಅಷ್ಟು" ಎಂದ. ಚಪ್ಪಾಳೆ ಬಿತ್ತು. ನಮ್ಮ ಚರಂಡಿಗೆ ಹೊರಗಿನವರು ಮೂಗು ತೂರಿಸಬಾರದೆಂದು ಮೂವರು ಅಧ್ಯಕ್ಷರೂ ಹಟ ಹಿಡಿದದ್ದರಿಂದ, ಆಯಾ ಊರಿನ ಎಂಜಿನಿಯರೇ ಬಾಟಲಿ ತುಂಬಿಸುವುದೆಂದಾಯಿತು. ಅಷ್ಟು ಬೇಗ ಎಲ್ಲರೂ ಒಪ್ಪಿದ್ದೇಕೆಂದು ಆಗ ಅವನಿಗೆ ಹೊಳೆಯಲಿಲ್ಲ.

ಅವನ ಲೆಕ್ಕ ಸುಲಭದ್ದಿತ್ತು. ತನ್ನ ಬಾಟಲಿಯೊಂದು ತಿಳಿಯಾಗಿದ್ದರೆ ಅಧ್ಯಕ್ಷರು ನಗುತ್ತಾರೆ; ಉಳಿದೆರಡರ ಕೊಳಕಿನಿಂದ ಘಟಕವೂ ಬರುತ್ತದೆ; ಅಕ್ಕನ ಚಿಪ್ಪೂ ಉಳಿಯುತ್ತದೆ. ಚೀಟಿಯಲ್ಲಿ ದಿನ, ಗಂಟೆ, ಜಾಗ ಬರೆದ. ಒಂದೂ ಸುಳ್ಳಲ್ಲ. ಉಬ್ಬರವೋ ಇಳಿತವೋ ಎಂಬ ಕಾಲಂ ಆ ಚೀಟಿಯಲ್ಲಿರಲಿಲ್ಲ. ಚೀಟಿಯನ್ನು ತಯಾರಿಸಿದವನೂ ಅವನೇ.

ಮುಚ್ಚಳ ತಿರುಗಿಸುತ್ತಿದ್ದಾಗ ಇನ್ನೊಂದು ದೋಣಿ ಕಂಡಿತು. ಅದರಲ್ಲಿ ಉದ್ದ ಕತ್ತಿನವನೊಬ್ಬ ಬಗ್ಗಿ ನೀರಿಗೆ ಕೈ ಹಾಕಿದ್ದ. ಆಚೆ ದಂಡೆಯ ಊರಿನ ಎಂಜಿನಿಯರ್, ಇವನ ಸಹಪಾಠಿ, ಕಾಲೇಜಿನಲ್ಲಿ ಎಲ್ಲರ ಬಾಯಲ್ಲಿ 'ಕೊಕ್ಕರೆ'. ಕೊಕ್ಕರೆ ತಲೆಯೆತ್ತಿ, ಇವನನ್ನು ಕಂಡು, ಒಂದು ಕ್ಷಣ ಹಾಗೇ ನಿಂತು, ಆಮೇಲೆ ಕೈ ಬೀಸಿದ. ಇವನೂ ಬೀಸಿದ.

"ಅವ್ರೂ ಇದೇ ಹೊತ್ತಿಗೆ ಬಂದಿದ್ದಾರಲ್ಲ ಸಾರ್," ಎಂದ ದೋಣಿಯವನು.

ಕೂಗಿದರೆ ಕೇಳುವಷ್ಟು ಹತ್ತಿರವಿದ್ದ ಕೊಕ್ಕರೆ. ಇರಲಿ, ಮೇಲಿನ ಊರಿನದೊಂದು ಕೊಳಕಿದ್ದರೆ ಸಾಕು ಎಂದುಕೊಂಡು, "ನಡಿ," ಎಂದ.

ಮನೆಯ ಹೊಸ್ತಿಲ ಬಳಿ ಅಕ್ಕ ಕಾಲು ತೊಳೆಯಲು ಬಕೆಟ್ ತುಂಬಿಸಿಟ್ಟಿದ್ದಳು. ಅವನು ಅದನ್ನು ಮುಟ್ಟದೆ, ಪಕ್ಕದಿಂದ ಸುತ್ತಿಕೊಂಡು ಒಳಗೆ ಹೋದ. ಸಂಜೆ ಅವಳು ಆ ನೀರನ್ನು ಗಿಡಕ್ಕೆ ಹಾಕಿದಳು.

ಒಂಬತ್ತನೆಯ ಸಭೆಯಲ್ಲಿ ಮೇಜಿನ ಮೇಲೆ ಮೂರು ಬಾಟಲಿ ಸಾಲಾಗಿ ನಿಂತಿದ್ದವು, ಮೂರೂ ಅಣ್ಣತಮ್ಮಂದಿರಂತೆ ಒಂದೇ ಬಣ್ಣ. ಪ್ರಯೋಗಾಲಯದ ವರದಿ ಓದಿದರು: ಎಲ್ಲವೂ ಮಿತಿಯೊಳಗೆ.

ಮೇಲಿನ ಊರಿನ ಅಧ್ಯಕ್ಷರು ಕನ್ನಡಕ ತೆಗೆದರು. "ಕಾಯಿಲೆ ಇಲ್ಲ ಅಂತ ಡಾಕ್ಟ್ರೇ ಬರೆದ್ಮೇಲೆ ಆಸ್ಪತ್ರೆ ಯಾಕ್ರೀ ಕಟ್ಬೇಕು?"

ಕೊಕ್ಕರೆ ತನ್ನ ಉಗುರು ನೋಡಿಕೊಳ್ಳುತ್ತಿದ್ದ. ಮೇಲಿನ ಊರಿನ ಎಂಜಿನಿಯರ್ ಫ್ಯಾನು ನೋಡುತ್ತಿದ್ದ. ಇವನು ಕುರ್ಚಿಯ ಅಂಚಿಗೆ ಸರಿದ. ಎರಡು ವಾಕ್ಯ ನಾಲಿಗೆಯ ತುದಿಗೆ ಬಂದಿದ್ದವು. ಅಷ್ಟರಲ್ಲಿ ಚಹಾ ಬಂತು. "ಏ, ನಮ್ಮ ಅಧ್ಯಕ್ಷರದ್ದೊಂದು ಮಾಡೋ," ಎಂದು ಯಾರೋ ಬೆನ್ನು ತಟ್ಟಿದರು. ಮಾಡಿದ. ಅಧ್ಯಕ್ಷರೇ ಎಲ್ಲರಿಗಿಂತ ಹೆಚ್ಚು ನಕ್ಕರು. ಚಹಾ ಮುಗಿಯುವುದರೊಳಗೆ ಕಡತಕ್ಕೆ ದಾರ ಕಟ್ಟಿಯಾಗಿತ್ತು.

ನಾಲ್ಕು ವರ್ಷದ ಮೇಲೆ, ಅಳಿವೆಯ ಚಿಪ್ಪು ತಿಂದವರು ಮೂರೂ ಊರಿನಲ್ಲಿ ವಾಂತಿಭೇದಿಯಿಂದ ಮಲಗಿದರು. ಆದೇಶ ಬಂತು. ಫಲಕ ನೆಡುವ ಕೆಲಸ ಎಂಜಿನಿಯರನದು. ಕಂಬ ಹೂಳಬೇಕಾದ್ದರಿಂದ ಈ ಸಲ ಇಳಿತದಲ್ಲೇ ಬರಬೇಕಾಯಿತು. ಪ್ಯಾಂಟು ಮಡಚಿ, ಮೊಣಕಾಲುದ್ದ ಕಪ್ಪು ಕೆಸರಿನಲ್ಲಿ ನಿಂತು, 'ಇಲ್ಲಿ ಚಿಪ್ಪು ಹೆಕ್ಕುವುದನ್ನು ನಿಷೇಧಿಸಲಾಗಿದೆ' ಎಂಬುದಕ್ಕೆ ಮೊಳೆ ಹೊಡೆದ. ಅಕ್ಕ ಖಾಲಿ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ನೋಡುತ್ತಿದ್ದಳು.

"ಬಲಗಡೆ ಸ್ವಲ್ಪ ಕೆಳಗಾಯ್ತು," ಎಂದಳು.

ಸರಿಮಾಡಿದ. "ಅಕ್ಕ, ಅವತ್ತು ನೀರು ತಗೊಂಡಾಗ..."

"ಗೊತ್ತು ಬಿಡು. ಅವತ್ತು ನಿನ್ನ ಕಾಲಲ್ಲಿ ಕೆಸರಿರ್ಲಿಲ್ಲ."

ಸುತ್ತಿಗೆ ನಿಂತಿತು. "ಮತ್ತೆ ಯಾಕೆ ಕೇಳ್ಲಿಲ್ಲ?"

"ಊರವರ ದನಿಯೆಲ್ಲ ತೆಗೀತೀಯ. ಇದೊಂದನ್ನ ನಿನ್ನ ದನೀಲಿ ಹೇಳ್ತೀಯ ಅಂತ ಕಾದೆ."

ಆಚೆ ದಂಡೆಯಿಂದಲೂ ಮೊಳೆ ಹೊಡೆಯುವ ಸದ್ದು ಬರುತ್ತಿತ್ತು. ಉದ್ದ ಕತ್ತಿನವನೊಬ್ಬ ಕಂಬದ ಪಕ್ಕ ನೆಟ್ಟಗಾಗಿ, ಇತ್ತ ನೋಡಿದ. ಯಾರೂ ಕೈ ಬೀಸಲಿಲ್ಲ.

ಅಕ್ಕ ಬುಟ್ಟಿಯನ್ನು ಕವುಚಿ, ಅದರ ಮೇಲೆ ಕುಳಿತಳು. ಸಮುದ್ರ ಮಗ್ಗುಲು ಬದಲಿಸಿತ್ತು. ತೆಳ್ಳಗಿನ, ತಿಳಿಯಾದ ನೀರು ಬಯಲಿನುದ್ದಕ್ಕೂ ಹರಿದು ಬಂದು, ಅವನ ಕಾಲಿನ ಕೆಸರನ್ನು ಮೆಲ್ಲಗೆ ತೊಳೆಯತೊಡಗಿತು.