ಒಂದೂವರೆ ಗಂಟೆಯ ಊಟ

ಅಮೆರಾತ್‌ಗೂ ಮಸ್ಕತ್‌ಗೂ ನಡುವೆ ಒಂದು ಹೊಳೆ ಇದೆ ಎಂದರೆ ಉಡುಪಿ ಕಡೆಯವರು ನಗುತ್ತಾರೆ. ನಗದೆ ಏನು ಮಾಡಿಯಾರು? ವರ್ಷದ ಮುನ್ನೂರೈವತ್ತು ದಿನ ಅದರಲ್ಲಿ ಬರೀ ಕಲ್ಲು, ದೂಳು, ಆಡಿನ ಹಿಕ್ಕೆ. ಇಲ್ಲಿಯವರು ಅದನ್ನು ವಾದಿ ಎನ್ನುತ್ತಾರೆ. ಬೆಟ್ಟ ಸೀಳಿಕೊಂಡು ಹೋಗುವ ಆ ವಾದಿಯ ಬದಿಯ ರಸ್ತೆಯಲ್ಲಿ ಬೆಳಿಗ್ಗೆಯಾದರೆ ಅಮೆರಾತ್ ಊರಿಗೆ ಊರೇ ಮಸ್ಕತ್‌ನ ಪೇಟೆ ರೂವಿಯತ್ತ ಹೊರಡುತ್ತದೆ. ಪಟ್ಟಣದ ಬಾಡಿಗೆ ಕೈಗೆಟುಕದವರೆಲ್ಲ ಆಚೆ ದಡಕ್ಕೆ ಬಂದು ನೆಲೆ ನಿಂತ ಊರು ಅದು. ಉಡುಪಿ ಕಡೆಯ ಕುಸುಮ ಬಾಡಿಗೆಗಿದ್ದ ಕಟ್ಟಡವನ್ನೇ ನೋಡಿ: ಕೆಳಗೆ ಚಿತ್ತಗಾಂಗಿನ ದರ್ಜಿ, ಎದುರಿಗೆ ಸುಡಾನಿನ ಮೇಷ್ಟ್ರು, ಮೇಲೆ ಕೊಟ್ಟಾಯಂನ ಇಬ್ಬರು ನರ್ಸುಗಳು, ಹಿಂದಿನ ಮನೆಯಲ್ಲಿ ಒಮಾನಿ ಮಾಲಕ ಮತ್ತು ಅವನ ಏಳು ಮಕ್ಕಳು. ಮಧ್ಯಾಹ್ನ ಮೆಟ್ಟಿಲು ಹತ್ತುವವರಿಗೆ ನಾಲ್ಕು ದೇಶದ ಒಗ್ಗರಣೆ ಪುಕ್ಕಟೆ.

ಇಲ್ಲಿಗೆ ಬರಬೇಕೆಂದು ಹಟ ಹಿಡಿದವಳು ಕುಸುಮಳೇ. ಹತ್ತೊಂಬತ್ತು ವರ್ಷ ರೂವಿಯ ಮೂರನೇ ಮಾಳಿಗೆಯಲ್ಲಿ, ಪಕ್ಕದ ಕಟ್ಟಡದ ಎಸಿ ಪೈಪುಗಳನ್ನು ನೋಡುತ್ತ ಅಡುಗೆ ಮಾಡಿ ಅವಳಿಗೆ ಸಾಕಾಗಿತ್ತು. ಅವಳ ಗಂಡ ದೂಮಪ್ಪ ಅಲ್ಲೇ ಒಂದು ಪೇಂಟ್ ಅಂಗಡಿಯಲ್ಲಿ ಸೇಲ್ಸ್‌ಮನ್. ರೂವಿಯ ಅಂಗಡಿಗಳು ಒಂದಕ್ಕೆ ಮುಚ್ಚಿದರೆ ಮತ್ತೆ ತೆರೆಯುವುದು ನಾಲ್ಕಕ್ಕೆ. ಒಂದೂವರೆಗೆ ಬಾಗಿಲಲ್ಲಿ ಅವನ ಕೀಲಿಕೈ ತಿರುಗುತ್ತಿತ್ತು; ಉಂಡು, ಒಂದು ಗಳಿಗೆ ಮಲಗಿ ಎದ್ದು ಹೋಗುತ್ತಿದ್ದ. "ಆಚೆ ಹೋದರೆ ಮಧ್ಯಾಹ್ನದ ಊಟಕ್ಕೆ ಎಂತ ಮಾಡುವುದು?" ಎಂದು ಒಮ್ಮೆ ಕೇಳಿದ. "ಕಾರುಂಟಲ್ಲ?" ಎಂದಳು ಕುಸುಮ. ಅವನು ಮತ್ತೆ ಕೇಳಲಿಲ್ಲ. ಏಪ್ರಿಲ್‌ನಲ್ಲಿ ಮನೆ ಬದಲಿಸಿದರು.

ಬಂದ ಒಂಬತ್ತನೇ ದಿನ ಮೋಡ ಕವಿಯಿತು. ಒಂದು ಗಂಟೆಗೆ ದೂಮಪ್ಪ ಫೋನ್ ಮಾಡಿದ.

"ಹನಿ ಬೀಳ್ತಾ ಉಂಟು. ವಾದಿಯಲ್ಲಿ ನೀರು ಬರಬಹುದು ಅಂತ ಪೊಲೀಸರ ಮೆಸೇಜ್ ಬಂದಿದೆ. ನಾನಿವತ್ತು ಇಲ್ಲೇ ಹೋಟೆಲಿನಲ್ಲಿ ಉಣ್ತೇನೆ."

ಕುಸುಮ ನಕ್ಕುಬಿಟ್ಟಳು. "ಇದೊಂದು ಮಳೆಯಾ? ಆಟಿ ತಿಂಗಳ ಜಡಿಮಳೆಯಲ್ಲಿ ಹೊಳೆ ದಾಟಿ ಶಾಲೆಗೆ ಹೋದ ಜನ ನೀವು, ನಾಲ್ಕು ಹನಿಗೆ ಹೆದರುವುದಾ? ಮೀನು ಆರ್ತಾ ಉಂಟು. ಬನ್ನಿ ಸುಮ್ಮನೆ."

ಕರಾವಳಿಯವರು ಮಾತ್ರ ಮಾಡಬಲ್ಲ ತಪ್ಪು ಇದು. ಅಲ್ಲಿ ಮಳೆ ಕಣ್ಣೆದುರೇ ಸುರಿಯುತ್ತದೆ, ಹೊಳೆ ಕಣ್ಣೆದುರೇ ಏರುತ್ತದೆ, ಹೆದರಲಿಕ್ಕೆ ಪುರುಸೊತ್ತು ಸಿಗುತ್ತದೆ. ಇಲ್ಲಿ ಮಳೆ ಎಲ್ಲೋ ಕಾಣದ ಬೆಟ್ಟದ ಮೇಲೆ ಬಿದ್ದು, ಒಣ ರಸ್ತೆಗೆ ಒಮ್ಮೆಲೇ ನೀರಿನ ಗೋಡೆ ಬರುತ್ತದೆ. ಸುಡಾನಿನ ಮೇಷ್ಟ್ರಿಗೂ ಅದು ಗೊತ್ತಿತ್ತು. ಅವರು ಆ ದಿನ ಮನೆಯಿಂದ ಹೊರಗೆ ಕಾಲಿಟ್ಟಿರಲಿಲ್ಲ. ಕುಸುಮ ತಟ್ಟೆ ಇಟ್ಟು ಕಾದಳು. ಕಾರು ಸಿಕ್ಕಿದ್ದು ಮರುದಿನ, ಒಳಗೆ ದೂಮಪ್ಪನೂ ಇದ್ದ.

ಹೆಣದ ಜೊತೆ ಊರಿಗೆ ಹೋದಳು. ಹದಿನಾರನೇ ದಿನ ತುಳುನಾಡಿನಲ್ಲಿ ಸತ್ತವರನ್ನು ಮನೆಯೊಳಗೆ ಕರೆಯುವ ಕ್ರಮವಿದೆ. ಬಾಗಿಲ ಬಳಿ ನಿಂತು ಮನೆಯವರೆಲ್ಲ "ಉಳಾಯಿ ಬಲೆ", ಒಳಗೆ ಬನ್ನಿ, ಎಂದು ಕರೆದರೆ ಹೊರಗೆ ಅಲೆಯುವ ಜೀವ ಒಳಗೆ ಬಂದು ಹಿರಿಯರ ಸಾಲಿಗೆ ಸೇರುತ್ತದೆ. ಎಲ್ಲರೂ ಕರೆದರು. ಕುಸುಮಳ ತುಟಿ ಮಾತ್ರ ಅಲ್ಲಾಡಿತು, ಸ್ವರ ಹೊರಡಲಿಲ್ಲ. ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಫೋನಿನಲ್ಲಿ ಕರೆದದ್ದನ್ನೂ ಹೇಳಿರಲಿಲ್ಲ.

ಆಗಸ್ಟಿನಲ್ಲಿ ಅಮೆರಾತ್‌ನ ಮನೆ ಖಾಲಿ ಮಾಡಲು ಮರಳಿ ಬಂದಳು. ಗಂಡನ ಆಸರೆಯಲ್ಲಿದ್ದ ವೀಸಾ, ಅದನ್ನು ಕೊಡಿಸಿದ ಧಣಿ, ಕಫೀಲ್, ಒಳ್ಳೆಯವನಾದ್ದರಿಂದ ಇಷ್ಟು ದಿನ ನಡೆದಿತ್ತು. ಗುರುವಾರಕ್ಕೆ ವಿಮಾನ, ಅಲ್ಲಿಗೆ ಖಲಾಸ್. ಸೋಮವಾರ ಮಾರ್ಸೆಲಿನ್ ಫೋನ್ ಮಾಡಿದಳು. ರೂವಿಯಲ್ಲಿ ಕುಸುಮ ಬಿಟ್ಟುಬಂದ ಮನೆಗೆ ಬಾಡಿಗೆಗೆ ಬಂದ ಮಂಗಳೂರಿನ ಕೊಂಕಣಿ ಹೆಂಗಸು ಅವಳು, ಕ್ಲಿನಿಕ್ ಒಂದರಲ್ಲಿ ಸಂಜೆಯ ಪಾಳಿ.

"ಬೇಜಾರು ಮಾಡ್ಬೇಡಿ ಕುಸುಮಕ್ಕಾ. ದಿನಾ ಒಂದೂವರೆಗೆ ಬಾಗಿಲಿಗೆ ಯಾರೋ ಕೀ ಹಾಕ್ತಾರೆ. ತೆಗೆದು ನೋಡಿದ್ರೆ ಯಾರೂ ಇಲ್ಲ. ನನ್ನ ಗಂಡ ಪೀಟರ್ ಲಾಕೇ ಬದಲಿಸಿದ್ರು. ಪಾದ್ರಿಗಳು ಬಂದು ಮನೆ ಆಶೀರ್ವಾದ ಮಾಡಿ ಹೋದ್ರು. ಆದ್ರೂ ಉಂಟು. ಒಳಗೆ ಬರುವುದೂ ಇಲ್ಲ, ಹೋಗುವುದೂ ಇಲ್ಲ, ಅಲ್ಲೇ ನಿಲ್ಲುವುದು. ನನಗೆ ಅದೇ ಆಗುವುದಿಲ್ಲ ಮಾರಾಯ್ತಿ."

ಕುಸುಮಳಿಗೆ ಹೆದರಿಕೆಗಿಂತ ಮೊದಲು ಬಂದದ್ದು ಹೊಟ್ಟೆಕಿಚ್ಚು ಎಂದರೆ ನಂಬುತ್ತೀರಾ? ಅಮೆರಾತ್‌ನ ಬಾಗಿಲಲ್ಲಿ ಅವಳು ಮರಳಿ ಬಂದಂದಿನಿಂದ ದಿನವೂ ಕಿವಿಯಿಟ್ಟು ಕೂತಿದ್ದಳು, ಅಲ್ಲಿಗೆ ಒಮ್ಮೆಯೂ ಬಂದಿರಲಿಲ್ಲ ಅವನು. ಊರಿಗೆ ಫೋನ್ ಮಾಡಿದರೆ ಭಾವನ ಮಾತು ಸ್ಪಷ್ಟವಾಗಿತ್ತು: "ಇದು ಆಟಿ ತಿಂಗಳು, ಸತ್ತವರಿಗೆ ಬಡಿಸುವ ಸಮಯ. ಎಲೆ ಹಾಕಿ ಬಡಿಸು, ಬಾಯಿಬಿಟ್ಟು ಕರೆ, ಜೊತೆಗೆ ಕರ್ಕೊಂಡು ಬಾ. ಅಲ್ಲೇ ಬಿಟ್ಟು ಬಂದರೆ ಅವನು ಶಾಶ್ವತ ಪರದೇಶಿ."

ಮಂಗಳವಾರ ಕೋಳಿ ಸುಕ್ಕ, ಕುಚ್ಚಲಕ್ಕಿ ಅನ್ನ ಮಾಡಿ ಕಟ್ಟಿಕೊಂಡು ಟ್ಯಾಕ್ಸಿ ಹತ್ತಿದಳು. ವಾದಿ ಒಣಗಿ ಬಿಳಿಚಿಕೊಂಡಿತ್ತು. ಆ ಹತ್ತು ನಿಮಿಷ ಅವಳು ಕಣ್ಣು ಮುಚ್ಚಿಯೇ ಕುಳಿತಳು.

ಹಳೆಯ ಅಡುಗೆಮನೆಯ ಪಕ್ಕದಲ್ಲಿ ಮಾರ್ಸೆಲಿನ್‌ಳ ಮೇಜಿತ್ತು. ಗೋಡೆಯಲ್ಲಿ ಯೇಸುವಿನ ಪಟ, ಕೆಳಗೆ ಕೆಂಪು ಬಲ್ಬು. ಅನ್ನ, ಸುಕ್ಕ ಮತ್ತೆ ಬಿಸಿ ಮಾಡಿ, ಎಲೆ ಹಾಕಿ ಬಡಿಸಿದ ಕುಸುಮ ಬಾಗಿಲ ಒಳಬದಿಯಲ್ಲಿ ನಿಂತಳು. ಮಾರ್ಸೆಲಿನ್ ಜಪಮಾಲೆ ಹಿಡಿದು ಅವಳ ಹಿಂದೆ ನಿಂತಳು.

ಒಂದೂವರೆಗೆ ಕೀಲಿ ತಿರುಗಿತು. ಮೊದಲು ಅರ್ಧ ಸುತ್ತು, ಒಂದು ತಡೆ, ಆಮೇಲೆ ಪೂರ್ತಿ. ಹಳೆಯ ಬೀಗದ ಸದ್ದು, ಹೊಸ ಬೀಗದಲ್ಲಿ. ಹೊರಗೆ ಯಾರೋ ಉಸಿರಾಡುತ್ತಿದ್ದರು, ಮೂರು ಮಹಡಿ ಹತ್ತಿ ಬಂದವರ ಉಸಿರು.

"ಕರೀರಿ," ಎಂದಳು ಮಾರ್ಸೆಲಿನ್ ಪಿಸುದನಿಯಲ್ಲಿ.

ಕುಸುಮ ಬಾಯಿ ತೆರೆದಳು. ಆಗ ಅವಳಿಗೆ ಹೊಳೆದದ್ದು ಒಂದೇ ವಿಷಯ: ಕರೆದರೆ ಅವನು ಬರುವ ದಾರಿ ಯಾವುದು? ಅದೇ ರಸ್ತೆ. ಅವಳ ಹಿಂದೆಯೇ ಟ್ಯಾಕ್ಸಿಯಲ್ಲಿ, ಆ ವಾದಿ ದಾಟಿ, ಆಚೆ ದಡಕ್ಕೆ. ಬರುವುದಿಲ್ಲ ಎನ್ನುವ ಜಾತಿಯವನೇ ಅಲ್ಲ ಅವನು. ಹತ್ತೊಂಬತ್ತು ವರ್ಷದಲ್ಲಿ ಅವಳು ಕರೆದಾಗ ಬಾರದ ದಿನ ಒಂದಿರಲಿಲ್ಲ. ಸತ್ತವರಿಗೆ ನೀರಿನ ಹೆದರಿಕೆ ಇರುತ್ತದೋ ಇಲ್ಲವೋ ಯಾರಿಗೆ ಗೊತ್ತು? ಇದ್ದರೂ ಅವನು ಹೇಳುವವನಲ್ಲ.

"ಬರಬೇಡಿ," ಎಂದಳು ಕುಸುಮ. ಸ್ವರ ಈ ಸಲ ಹೊರಟಿತು, ಎಷ್ಟು ಜೋರಾಗಿ ಎಂದರೆ ಮಾರ್ಸೆಲಿನ್ ಬೆಚ್ಚಿದಳು. "ಆಚೆ ಬರಬೇಡಿ. ನೀವು ಹೇಳಿದ್ದೇ ಸರಿ. ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲದೆ ನಕ್ಕೆ. ಇಲ್ಲೇ ಉಣ್ಣಿ, ಇಲ್ಲೇ ಮಲಗಿ. ನಾನು ಕರೆಯುವುದಿಲ್ಲ." ಅಷ್ಟು ಹೇಳಿ ಬಾಗಿಲಿಗೆ ಹಣೆಯೊತ್ತಿ ಅತ್ತಳು. ನಾಲ್ಕು ತಿಂಗಳಲ್ಲಿ ಮೊದಲ ಸಲ ತನಗಾಗಿ ಅಲ್ಲ, ಅವನಿಗಾಗಿ ಅತ್ತಳು.

ಬಾಗಿಲು ತೆರೆಯಲಿಲ್ಲ. ಆದರೆ ಒಳಗೆ ಬಚ್ಚಲಲ್ಲಿ ನಲ್ಲಿ ಬಿಟ್ಟ ಸದ್ದಾಯಿತು. ಯಾರೋ ನಿಧಾನಕ್ಕೆ ಕೈ ತೊಳೆದರು. ನಲ್ಲಿ ನಿಂತಿತು. ಮೇಜಿನ ಬಳಿಯ ಕುರ್ಚಿ ಒಂದು ಗೇಣು ಹಿಂದಕ್ಕೆ ಸರಿಯಿತು.

ಮಾರ್ಸೆಲಿನ್ ಕುಸುಮಳ ತೋಳು ಗಟ್ಟಿಯಾಗಿ ಹಿಡಿದಳು. "ಕರ್ಕೊಂಡು ಹೋಗ್ತೇನೆ ಅಂತ ಅಲ್ವಾ ನೀವು ಹೇಳಿದ್ದು? ನನ್ನ ಮನೆ ಇದು!"

"ಧೈರ್ಯ ಇಲ್ಲ ಮಾರ್ಸೆಲಿನ್. ಅವರನ್ನು ಆ ದಾರಿಯಲ್ಲಿ ಇನ್ನೊಮ್ಮೆ ಕರೆಯಲಿಕ್ಕೆ ನನ್ನಿಂದ ಆಗುವುದಿಲ್ಲ. ಒಮ್ಮೆ ಕರೆದೇ ಕೊಂದೆ."

ಸಿಟ್ಟು ಬಂದಿತ್ತು ಮಾರ್ಸೆಲಿನ್‌ಗೆ, ಬರಬೇಕಾದದ್ದೇ. ಪರರ ಸತ್ತ ಗಂಡನನ್ನು ಊಟದ ಮೇಜಿನಲ್ಲಿ ಕೂರಿಸಿಕೊಳ್ಳಲು ಯಾರು ತಾನೇ ಒಪ್ಪುತ್ತಾರೆ? ಗುರುವಾರ ಈಕೆ ವಿಮಾನ ಹತ್ತಿ ಹೋಗುತ್ತಾಳೆ, ಶುಕ್ರವಾರ ಒಂದೂವರೆಗೆ ಇಲ್ಲಿ ಇರಬೇಕಾದವಳು ತಾನು. ಆ ಕುರ್ಚಿಯತ್ತ ಒಂದು ಹೆಜ್ಜೆ ಇಟ್ಟಳು. ಎಲೆಯ ಮೇಲಿನ ಅನ್ನ ಇದ್ದ ಹಾಗೇ ಇತ್ತು, ಹಬೆ ಮಾತ್ರ ಒಂದೇ ಕಡೆಗೆ ವಾಲುತ್ತಿತ್ತು.

"ಎರಡನೇ ಸಲ ಅನ್ನ ಹಾಕ್ಬೇಕಾ ಅವರಿಗೆ?" ಎಂದು ಕೊನೆಗೆ ಕೇಳಿದಳು.

"ಹಾಕಬೇಕು," ಎಂದಳು ಕುಸುಮ. "ಅವರಾಗಿ ಕೇಳುವುದಿಲ್ಲ."