ಬಿಸಿನೀರಿನ ಗುಳ್ಳೆ

ಜಡೆ ಬಿಗಿಯಾದರೆ ಕುತ್ತಿಗೆಯ ಹಿಂದೆ ಗುಳ್ಳೆ ಏಳುವುದು ಹೊಸದೇನಲ್ಲ ಎಂದು ನಬಿಂಟು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡ ಮೇಲೂ ಬೆರಳು ಮತ್ತೆ ಅಲ್ಲಿಗೇ ಹೋಯಿತು. ಬಿಗಿತಕ್ಕೆ ಏಳುವ ಗುಳ್ಳೆಗಳು ಕೂದಲಿನ ಬುಡದಲ್ಲಿ ಸಾಲಾಗಿ, ಸಣ್ಣಗೆ ಇರುತ್ತವೆ. ಇದು ಒಂಟಿಯಾಗಿತ್ತು. ಗಟ್ಟಿಯಾಗಿತ್ತು. ನಡುವೆ ಹೊಕ್ಕುಳಿನಂಥ ಒಂದು ತಗ್ಗು. ಅವಳು ತಲೆತುಂಬ ಹೆಣೆದ ಎಳೆಯಂಥ ಸಣ್ಣ ಜಡೆಗಳನ್ನೆಲ್ಲ ಹಿಂದಕ್ಕೆ ಬಿಟ್ಟು, ಅದರ ಮೇಲೆ ಪರದೆಯಂತೆ ಹರಡಿಕೊಂಡಳು.

ಅಕ್ಕ ಮಪೆಂಡೊ ಒಲೆಯ ಮುಂದೆ ಜೋಳದ ಗಂಜಿ ಕಲಕುತ್ತಿದ್ದಳು. ಅವಳ ಬಲಗೈ ತೋರುಬೆರಳಿಗೆ ಹಳೇ ಬಟ್ಟೆಯ ಪಟ್ಟಿ ಸುತ್ತಿತ್ತು.

"ಅಕ್ಕಾ, ಬೆರಳು ತೋರ್ಸು."

"ಮತ್ತೆ ಶುರು ಮಾಡಿದ್ಯಾ? ಬಿಸಿನೀರಿಗೆ ಸುಟ್ಟಿದ್ದು ಅಂತ ಎಷ್ಟು ಸಲ ಹೇಳ್ಲಿ?"

ನಂಬುವಂಥ ಮಾತೇ, ಮಪೆಂಡೊಳ ಕಸುಬೇ ಜಡೆ ಹೆಣೆಯುವುದು. ಚೌರಿ ಸೇರಿಸಿ ಹೆಣೆದ ಜಡೆಗಳ ತುದಿ ಬಿಚ್ಚಿಕೊಳ್ಳದಿರಲೆಂದು ಕುದಿಯುವ ನೀರಿನಲ್ಲಿ ಅದ್ದಿ ತೆಗೆಯುತ್ತಾರೆ. ಕಡುಟು ಗುಡ್ಡದ ಮೇಲೆ ಜಡೆ ಹೆಣೆಯುವ ಹೆಂಗಸರಲ್ಲಿ ಬೆರಳು ಸುಡದವರು ಯಾರೂ ಇಲ್ಲ. ಆದ್ದರಿಂದ ಯಾರ ಬೆರಳಿನ ಗುಳ್ಳೆಯನ್ನೂ ಯಾರೂ ಎರಡನೇ ಸಲ ನೋಡುವುದಿಲ್ಲ.

"ಸುಟ್ಟಿದ್ದಾಗಿದ್ರೆ ಇಷ್ಟೊತ್ತಿಗೆ ಒಣಗ್ಬೇಕಿತ್ತು. ಆರೋಗ್ಯ ಕೇಂದ್ರಕ್ಕೆ ಬಾ. ಅಲ್ಲಿ ಒಂದು ಕಾಗದದ ಪರೀಕ್ಷೆ ಇದೆ, ಸೂಜಿ ಗೀಜಿ ಏನೂ ಚುಚ್ಚಲ್ಲ."

"ಬಂದೆ ಅಂತಿಟ್ಕೋ. ಆ ರೋಗಾನೇ ಅಂತ ಗೊತ್ತಾಯ್ತು ಅಂತಿಟ್ಕೋ. ಆಮೇಲೆ?" ಮಪೆಂಡೊ ಸೌಟನ್ನು ಪಾತ್ರೆಯ ಅಂಚಿಗೆ ಕುಟ್ಟಿದಳು. "ಶಾಂತಾಲ್ ಗತಿ ನೋಡ್ಲಿಲ್ವಾ? ವಾಸಿಯಾಗಿ ಬಂದ್ಮೇಲೂ ನಲ್ಲಿ ಹತ್ರ ಅವಳ ಡಬ್ಬಿ ಒದ್ದು ಉರುಳಿಸಿದ್ರು. ಮನೆ ಒಡೆಯ ಹಾಸಿಗೇನ ಬೀದಿಗೆ ಎಸೆದ. ಗಣಿ ಗಂಡಸ್ರ ಜೊತೆ ಮಲಗಿ ತಂದ್ಲು ಅಂತ ಮಾತು ಬೇರೆ. ಅವಳು ಮಾರ್ತಿದ್ದಿದ್ದು ಈರುಳ್ಳಿ ಕಣೇ!"

"ಆದ್ರೂ..."

"ನಾಳೆ ನೊಯೆಲಾ ಮದುವೆ. ಇವತ್ತು ಮದುವಣಗಿತ್ತಿ ತಲೆ ಆಗ್ಬೇಕು, ಅವಳ ಮುಂದೆ ಹೂ ಹಿಡಿದು ನಡೆಯೋ ಮಗು ತಲೆ ಆಗ್ಬೇಕು. ಈ ಬೆರಳು ನಿಂತ್ರೆ ಗಂಜೀನೂ ನಿಲ್ಲತ್ತೆ. ನಿನ್ನ ಓದು ಎಲ್ಲಿಂದ ಬಂತು, ಹೇಳು. ಆ ನಿನ್ನ ಕಾಗದದಿಂದಲಾ?"

ನಬಿಂಟುವಿಗೂ ಅದು ಗೊತ್ತಿತ್ತು. ಜೀವಶಾಸ್ತ್ರದ ಪದವಿ ಬಂದದ್ದು ಆ ಬೆರಳುಗಳಿಂದಲೇ. ಅವಳು ಗಂಜಿ ಕುಡಿದು, ಲೋಟ ತೊಳೆದಿಟ್ಟು, ಕೊಳೆಗೆ ಹೆದರಿದವಳಂತೆ ಕೈಗೆ ಎರಡು ಸಲ ಸೋಪು ಹಚ್ಚಿ, ಗುಡ್ಡ ಇಳಿದಳು. ಕೆಳಗೆ ಕಿವು ಸರೋವರ ಬೆಳಗಿನ ಬೆಳಕಿನಲ್ಲಿ ತಣ್ಣಗೆ ಬಿದ್ದುಕೊಂಡಿತ್ತು.

ಆರೋಗ್ಯ ಕೇಂದ್ರದಲ್ಲಿ ಅವಳ ಕೆಲಸವೇ ಆ ಕಾಗದದ್ದು. ಇಸ್ಪೀಟ್ ಎಲೆಯಷ್ಟು ಅಗಲದ ಚೀಟಿ. ಅದರೊಳಗೆ ಮೇಣದಿಂದ ಗಡಿ ಹಾಕಿದ, ಕೂದಲೆಳೆಯಂಥ ಕಾಲುವೆಗಳು. ಗುಳ್ಳೆಯನ್ನು ಒರೆಸಿದ ಹತ್ತಿಯನ್ನು ದ್ರಾವಣದಲ್ಲಿ ಅದ್ದಿ, ಒಂದು ಹನಿ ಬಿಟ್ಟರೆ ಸಾಕು. ದೀಪದ ಬತ್ತಿಗೆ ಎಣ್ಣೆ ಏರುವ ಹಾಗೆ ಹನಿ ತಾನೇ ಏರುತ್ತದೆ. ಕರೆಂಟು ಬೇಡ, ಯಂತ್ರ ಬೇಡ. ಒಂದೇ ಗೆರೆ ಮೂಡಿದರೆ ಚೀಟಿ ಸರಿಯಾಗಿದೆ, ರೋಗವಿಲ್ಲ ಎಂದರ್ಥ. ಎರಡು ಮೂಡಿದರೆ ಎಂಪಾಕ್ಸ್, ಸಿಡುಬಿನ ಕುಲದ ರೋಗ. ಇನ್ನೂ ಪ್ರಯೋಗದಲ್ಲಿದ್ದುದರಿಂದ ಪ್ರತಿ ಮಾದರಿಯೂ ಮರುಪರೀಕ್ಷೆಗೆ ದೊಡ್ಡ ಪ್ರಯೋಗಾಲಯಕ್ಕೂ ಹೋಗುತ್ತಿತ್ತು.

ಮಧ್ಯಾಹ್ನ ಜನ ಕರಗಿದ ಮೇಲೆ ಅವಳು ಒಳಕೋಣೆಯ ಚಿಲಕ ಹಾಕಿಕೊಂಡಳು. ಜಡೆಗಳನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಕಾಣದ ಜಾಗವನ್ನು ತಡವುತ್ತ ಹತ್ತಿಯಿಂದ ಒರೆಸಿದಳು. ಹನಿ ಏರತೊಡಗಿತು. ಅದನ್ನು ನೋಡುತ್ತ ಅವಳಿಗೆ ಕಾಲೇಜಿನ ಪಾಠವೊಂದು ನೆನಪಾಯಿತು. ಒಂದು ಜೀವಕೋಶಕ್ಕೆ ರೋಗ ತಗುಲಿದರೆ ಅದು ಸುಮ್ಮನಿರುವುದಿಲ್ಲ, ಎಚ್ಚರ ಎಂದು ಅಕ್ಕಪಕ್ಕದ ಕೋಶಗಳಿಗೆ ಕೂಗುತ್ತದೆ. ಸಿಡುಬಿನ ಕುಲದ ವೈರಸ್ಸುಗಳಿಗೆ ಇದು ಗೊತ್ತು. ಅವು ಸುಳ್ಳು ಕಿವಿಗಳನ್ನು ಮಾಡಿ ಹೊರಗೆ ಹರಡುತ್ತವೆ. ಕೂಗೆಲ್ಲ ಆ ಕಿವಿಗಳಲ್ಲಿ ಹೂತುಹೋಗುತ್ತದೆ, ನೆರೆಯವರಿಗೆ ತಲುಪುವುದಿಲ್ಲ. ಕೋಶ ಕೂಗಿದ್ದು ನಿಜ, ಆದರೆ ಕೇಳಿಸಿಕೊಂಡವರಿಲ್ಲ. ಪರೀಕ್ಷೆಯಲ್ಲಿ ಈ ಉತ್ತರಕ್ಕೆ ಅವಳಿಗೆ ಒಳ್ಳೆಯ ಅಂಕ ಬಂದಿತ್ತು.

ಎರಡನೆಯ ಗೆರೆ ಮೊದಲು ಮಸುಕಾಗಿ ಮೂಡಿತು. ಆಮೇಲೆ ಮಸುಕಾಗಿ ಉಳಿಯಲಿಲ್ಲ.

ಎಲ್ಲರೂ ಅಪ್ಪ ಎಂಬರ್ಥದಲ್ಲಿ ಪಾಪಾ ಎಂದು ಕರೆಯುವ, ಕೇಂದ್ರದ ಹಿರಿಯ ನರ್ಸ್ ಒಲಿವಿಯೆ ಚೀಟಿ ನೋಡಿದರು, ಅವಳನ್ನು ನೋಡಿದರು, ಕುರ್ಚಿ ಎಳೆದು ಕೊಟ್ಟರು. ಗುಳ್ಳೆಗೆ ಪಟ್ಟಿ ಹಾಕುತ್ತ, "ಹೆದರ್ಬೇಡಮ್ಮ, ವಾಸಿಯಾಗತ್ತೆ. ಮಕ್ಕಳಿಗೆ ಬಂದ್ರೇನೇ ಕಷ್ಟ," ಅಂದರು. "ಹೇಳು, ನಿನ್ನನ್ನ ಮುಟ್ಟಿದೋರು ಯಾರ್ಯಾರು? ಬೇಗ ಬಂದ್ರೆ ಲಸಿಕೆ ಹಾಕ್ಬಹುದು."

"ಯಾರೂ ಇಲ್ಲ ಪಾಪಾ ಒಲಿವಿಯೆ."

"ಯಾರೂ ಇಲ್ವಾ? ಈ ಜಡೆ ತಾನೇ ಹೆಣ್ಕೊಂಡ್ತಾ?"

ಅವಳು ಜಡೆಗಳನ್ನು ಪಟ್ಟಿಯ ಮೇಲೆ ಹರಡಿಕೊಂಡಳು. ಅವರು ಒತ್ತಾಯ ಮಾಡಲಿಲ್ಲ. ಮುಖಗವಸು ಕೊಟ್ಟು, "ನೇರ ಮನೆಗೆ ಹೋಗು. ನೆನಪಾದ್ರೆ ಫೋನ್ ಮಾಡು," ಎಂದರು.

ಮನೆಯ ದಾರಿ ಅಕ್ಕನ ಅಂಗಡಿಯ ಮುಂದೆಯೇ ಹೋಗುತ್ತದೆ. ಹೇಳಿದರೆ ಅಕ್ಕನ ಹಾಸಿಗೆ ಬೀದಿಗೆ ಬೀಳುತ್ತದೆ. ಹೇಳದಿದ್ದರೆ ಮದುವೆ ಮನೆಗೆ ರೋಗ ಹೋಗುತ್ತದೆ. ಏರು ಹತ್ತುವಾಗ ಇವೆರಡರ ನಡುವೆ ನುಸುಳಿ ಹೋಗಲು ಅವಳಿಗೆ ಒಂದು ಸಂದೂ ಸಿಗಲಿಲ್ಲ.

ಹಲಗೆಯ ಆ ಪುಟ್ಟ ಅಂಗಡಿಯಲ್ಲಿ ರೇಡಿಯೊ ಹಾಡುತ್ತಿತ್ತು. ಬಾಣಲೆಯಲ್ಲಿ ನೀರು ಕುದಿಯುತ್ತಿತ್ತು. ಮದುವಣಗಿತ್ತಿ ನೊಯೆಲಾಳ ತಲೆ ಅರ್ಧ ಹೆಣೆದಾಗಿತ್ತು. ಅವಳು ಎದ್ದು ಮೂಲೆಯಲ್ಲಿ ಹುರಿದ ಸಂಬಾಜಾ ಮೀನು ತಿನ್ನುತ್ತಿದ್ದಳು. ಬೆಂಚಿನ ತುಂಬ ಕೂತಿದ್ದವರು ಅವಳ ಸೋದರತ್ತೆ ಮಾಮಾ ಬಿಸಿಮ್ವಾ. ಹಿರಿಯ ಹೆಂಗಸರನ್ನು ಇಲ್ಲಿ ಅಮ್ಮ ಎಂಬರ್ಥದಲ್ಲಿ ಮಾಮಾ ಎನ್ನುತ್ತಾರೆ.

"ಬಂದ್ಲಪ್ಪ ನಮ್ಮ ಪದವೀಧರೆ! ಮೊದ್ಲೇ ಮಾತಿಲ್ಲ, ಈಗ ಬಾಯಿಗೆ ಬಟ್ಟೆ ಬೇರೆ ಕಟ್ಕೊಂಡಿದಾಳೆ," ಎಂದರು ಮಾಮಾ ಬಿಸಿಮ್ವಾ.

"ಶಾಂತಾಲ್ ಬೀದಿ ಹಾದು ಬಂದಿರ್ಬೇಕು ಅತ್ತೆ," ಎಂದು ನೊಯೆಲಾ ನಕ್ಕಳು.

"ಅವಳ ಹೆಸರು ಎತ್ಬೇಡ ತಾಯಿ, ನಾಳೆ ಶುಭಕಾರ್ಯ. ನೆಟ್ಟಗಿರೋ ಮನೇಗೆ ಬರೋ ರೋಗ ಅಲ್ಲ ಅದು."

"ಅಲ್ಲ, ಅಲ್ಲ," ಎಂದು ಮಪೆಂಡೊ ಎಲ್ಲರಿಗಿಂತ ಜೋರಾಗಿ ನಕ್ಕಳು. "ಬಾರೇ ನಬಿಂಟು, ಚೌರಿ ಎಳೆ ಬಿಡಿಸ್ಕೊಡು."

ನಬಿಂಟು ಹೊಸ್ತಿಲು ದಾಟಲಿಲ್ಲ. ಹೂ ಹಿಡಿಯುವ ಮಗು ದಿವೀನ್ ಸ್ಟೂಲಿನ ಮೇಲೆ ಹತ್ತಿ ಕೂತಿತು, ಕಾಲುಗಳು ನೆಲಕ್ಕೆ ಎಟುಕದೆ ತೂಗಾಡಿದವು. ಮಪೆಂಡೊ ಬಾಚಣಿಗೆಯ ಚೂಪು ತುದಿಯಿಂದ ಅದರ ಬೈತಲೆ ತೆಗೆಯಲು ಬಾಗಿದಳು. ಬೆರಳಿನ ಬಟ್ಟೆ ಒದ್ದೆಯಾಗಿ ಸಡಿಲವಾಗಿತ್ತು.

"ಅಕ್ಕಾ, ಮಗೂನ ಮುಟ್ಬೇಡ."

ದನಿ ಮುಖಗವಸಿನೊಳಗೇ ಉಳಿಯಿತು. ಮಾಮಾ ಬಿಸಿಮ್ವಾ ಮಾತ್ರ ಕತ್ತು ಚಾಚಿದರು. "ಏನಂತೆ?"

"ಏನಿಲ್ಲ ಮಾಮಾ," ಎಂದಳು ಮಪೆಂಡೊ. "ಬೆಳಗ್ಗಿಂದ ಸರಿಯಾಗಿ ತಿಂದಿಲ್ಲ, ಅದಕ್ಕೇ ಏನೇನೋ ಬಡಬಡಿಸ್ತಾಳೆ. ಮೀನು ಕೊಡಿ ಅವಳಿಗೊಂದು."

ಎಲ್ಲರೂ ನಕ್ಕರು. ಯಾರೋ ರೇಡಿಯೊ ಜೋರು ಮಾಡಿದರು. ನಬಿಂಟುವಿಗೆ ತನ್ನ ಕೂಗು ಎಲ್ಲಿ ಹೋಯಿತೆಂದು ಗೊತ್ತಾಯಿತು. ನಗುತ್ತಿರುವ ಅಕ್ಕನ ಕಣ್ಣು ಮಾತ್ರ ನಗುತ್ತಿರಲಿಲ್ಲ. ಬೇಡ, ಬೇಡ ಎನ್ನುತ್ತಿತ್ತು. ಮಗು ತಲೆ ಬಗ್ಗಿಸಿ ಕಾಯುತ್ತಿತ್ತು. ಅದರ ಕುತ್ತಿಗೆ ಎಷ್ಟು ಸಣ್ಣದಿತ್ತೆಂದರೆ ಅದನ್ನು ಸುತ್ತಿ ಹಿಡಿಯಲು ಅಕ್ಕನ ಒಂದು ಅಂಗೈ ಸಾಕಿತ್ತು.

ನಬಿಂಟು ಬೆನ್ನು ತಿರುಗಿಸಿ ನಿಂತಳು. ಎರಡೂ ಕೈಯಲ್ಲಿ ಜಡೆಗಳನ್ನೆಲ್ಲ ಮೇಲಕ್ಕೆತ್ತಿ ಹಿಡಿದು, ಹುಟ್ಟಿದಾಗಿನಿಂದ ಎತ್ತದ ದನಿಯಲ್ಲಿ ಹೇಳಿದಳು:

"ನನಗೆ ಎಂಪಾಕ್ಸ್ ಬಂದಿದೆ. ಇಲ್ಲಿ, ಈ ಪಟ್ಟಿ ಕೆಳಗೆ."

ಮಾಮಾ ಬಿಸಿಮ್ವಾ ಮಗುವನ್ನು ಸ್ಟೂಲಿನಿಂದ ಎಳೆದು ಮಡಿಲಿಗೆ ಹಾಕಿಕೊಂಡರು. ಆಮೇಲೆ, "ಆ ಆಸ್ಪತ್ರೆಯಿಂದ ತಂದ್ಕೊಂಡ್ಯಾ ಮಗಳೇ? ಅಲ್ಲಿಂದಲೇ ಅಲ್ವಾ?" ಎಂದು ಕೇಳಿದರು.

ಹೂಂ ಎಂದರೆ ಮುಗಿಯುತ್ತಿತ್ತು. ನಬಿಂಟು ಹೂಂ ಅನ್ನಲಿಲ್ಲ. ಅಕ್ಕನ ಹೆಸರನ್ನೂ ಎತ್ತಲಿಲ್ಲ. ಜಡೆಗಳನ್ನು ಎತ್ತಿ ಹಿಡಿದ ಕೈ ಸೋಲುತ್ತಿದ್ದರೂ ಹಾಗೇ ನಿಂತಿದ್ದಳು.

ಬೆನ್ನ ಹಿಂದೆ ಬಾಚಣಿಗೆಯನ್ನು ಹಲಗೆಯ ಮೇಲಿಟ್ಟ ಸದ್ದಾಯಿತು.

"ಆಸ್ಪತ್ರೆಯಿಂದ ಅಲ್ಲ ಮಾಮಾ," ಎಂದಳು ಮಪೆಂಡೊ. ಅವಳು ಬೆರಳಿನ ಬಟ್ಟೆಯನ್ನು ನಿಧಾನವಾಗಿ ಬಿಚ್ಚುತ್ತಿದ್ದಳು. "ಇವಳ ಜಡೆ ಹೆಣೆದಿದ್ದು ನಾನು. ಇದು ಬಿಸಿನೀರಿಗೆ ಸುಟ್ಟಿದ್ದಲ್ಲ." ಆಮೇಲೆ ತಂಗಿಯ ಕಡೆ ತಿರುಗಿದಳು. "ಜಡೆ ಕೆಳಗೆ ಬಿಡೇ, ಕೈ ನೋಯತ್ತೆ. ನಡಿ, ಆ ಕಾಗದ ಎಲ್ಲಿದೆ ತೋರ್ಸು. ನೊಯೆಲಾ, ನಿನ್ನ ತಲೇನೂ ಇದೇ ಬೆರಳು ಮುಟ್ಟಿದ್ದು, ನೀನೂ ಬಾ."